ಅರವತ್ತು ಮೀಟರಿನಿಂದ ಎಂಟು ಮೀಟರಿಗೆ: ಕೆರಳುವ ಮುಧೋಳ ನಾಯಿಯೊಂದರ ಪ್ರಕರಣ

ಈ ಪ್ರಕರಣ ಧಾರವಾಡದ ಹೊರವಲಯದ ಬಡಾವಣೆಯೊಂದರದು. ಕುಟುಂಬದವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗದಂತೆ ಮನೆಯವರ ಕೆಲವು ವಿವರಗಳನ್ನೂ ನಾಯಿಯ ಹೆಸರನ್ನೂ ಬದಲಿಸಿದ್ದೇನೆ. ಇಲ್ಲಿ ಅದನ್ನು ಸರ್ಜಾ ಎಂದು ಕರೆಯುತ್ತೇನೆ. ಬೇರೆ ನಾಯಿ ಕಂಡರೆ ಕೆರಳಿ ಎಗರುತ್ತಿದ್ದ ಅದಕ್ಕೆ ಶಾಂತವಾಗಿ ನಡೆಯಲು ಕಲಿಸಿದ ಹನ್ನೊಂದು ತಿಂಗಳ ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಉಪಯೋಗವಾಗದು ಎಂಬ ಕಾರಣಕ್ಕೆ ಅದನ್ನೂ ಹೇಳಿದ್ದೇನೆ.

ಹಿನ್ನೆಲೆ

ನಾನು ಮೊದಲ ಬಾರಿ ನೋಡಿದಾಗ ಸರ್ಜಾಗೆ ಎರಡೂವರೆ ವರ್ಷ ವಯಸ್ಸು, ಇಪ್ಪತ್ನಾಲ್ಕು ಕಿಲೋ ತೂಕ. ಕಂದು ಬಣ್ಣದ, ಪಕ್ಕೆಲುಬು ಎಣಿಸಬಹುದಾದಷ್ಟು ತೆಳ್ಳಗಿನ ಗಂಡು ಮುಧೋಳ ನಾಯಿ. ಮನೆಯಲ್ಲಿ ಮೂವರು: ನಿವೃತ್ತ ಮುಖ್ಯೋಪಾಧ್ಯಾಯರಾದ ತಂದೆ, ತಾಯಿ, ಮತ್ತು ಸ್ನಾತಕೋತ್ತರ ಪದವಿ ಓದುತ್ತಿರುವ ಮಗಳು. ನಾಯಿಯನ್ನು ತಂದವನು ಮಗ. ತಂದ ಒಂದು ವರ್ಷಕ್ಕೆ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ನಾಯಿ ಇಲ್ಲಿಯೇ ಉಳಿಯಿತು.

ಮುಧೋಳ ನಾಯಿಯೆಂದರೆ ಉತ್ತರ ಕರ್ನಾಟಕದವರಿಗೆ ಅಭಿಮಾನ ಹೆಚ್ಚು. ಘೋರ್ಪಡೆ ಅರಸರ ಆಸರೆಯಲ್ಲಿ ಹೆಸರು ಮಾಡಿದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ತನ್ನದೇ ಸಂಶೋಧನಾ ಕೇಂದ್ರವಿರುವ ತಳಿ. ಆದರೆ ಈ ಪ್ರಕರಣಕ್ಕೆ ಬೇಕಾದ ಮಾತು ಬೇರೊಂದಿದೆ: ಇದು ಮೂಗಿಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ನಾಯಿ. ಬಯಲಿನಲ್ಲಿ ದೂರದ ಮೊಲ ಮಿಸುಕಿದ್ದನ್ನು ಕಂಡು ಆ ಕ್ಷಣವೇ ಓಟ ಹಿಡಿಯಲೆಂದು ತಲೆಮಾರುಗಳಿಂದ ಆರಿಸಿ ಬೆಳೆಸಿದ್ದು. ಬೇರೆ ನಾಯಿಗಳು ಗಮನಿಸದೆ ಬಿಡುವ ಚಲನೆಯೂ ಇದಕ್ಕೆ ಸುದ್ದಿಯೇ. ಬಡಾವಣೆಯ ಮೂವತ್ತು ಅಡಿ ರಸ್ತೆಯಲ್ಲಿ, ಸ್ಕೂಟರುಗಳ ನಡುವೆ, ಇಂಥ ಕಣ್ಣಿಟ್ಟುಕೊಂಡು ಬದುಕುವುದು ಸುಲಭವಲ್ಲ.

ನಲವತ್ತು ದಿನದ ಮರಿಯಾಗಿ ಮನೆಗೆ ಬಂದ ಸರ್ಜಾವನ್ನು ಪಾರ್ವೋ ರೋಗದ ಭಯದಿಂದ ಲಸಿಕೆಗಳೆಲ್ಲ ಮುಗಿಯುವವರೆಗೆ ಕಾಂಪೌಂಡಿನಾಚೆ ಬಿಡಲಿಲ್ಲ. ಭಯವೇನೋ ಸರಿಯಾದದ್ದೇ. ಆದರೆ ಮರಿಯೊಂದು ಲೋಕವನ್ನು ಅಂಜಿಕೆಯಿಲ್ಲದೆ ಒಪ್ಪಿಕೊಳ್ಳುವ ಅವಧಿ ಸುಮಾರು ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗೆ ಮಾತ್ರ ಇರುತ್ತದೆ. ಆ ಅವಧಿಯನ್ನು ಸರ್ಜಾ ಗೇಟಿನ ಒಳಗೇ ಕಳೆಯಿತು. ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತು ಸಂತೆ ತೋರಿಸಿಕೊಂಡು ಬರಬಹುದಿತ್ತು ಎಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

ಸಮಸ್ಯೆ

ಏಳನೆಯ ತಿಂಗಳಿನಲ್ಲಿ ಹಾಲಿನ ಬೂತಿನ ಬಳಿ ಮೂರು ಬೀದಿ ನಾಯಿಗಳು ಸರ್ಜಾದ ಮೇಲೆ ಬಿದ್ದವು. ತೊಡೆಗೆ ಹೊಲಿಗೆ ಹಾಕಿಸಬೇಕಾಯಿತು. ಅಲ್ಲಿಂದ ಮುಂದೆ ನಾಯಿ ಕಂಡರೆ ಬೊಗಳಾಟ, ಎಳೆದಾಟ, ಹಿಂಗಾಲ ಮೇಲೆ ನಿಂತು ಎಗರಾಟ. ಕೆಲವೇ ತಿಂಗಳಲ್ಲಿ ಅದೇ ವರ್ತನೆ ಸ್ಕೂಟರುಗಳಿಗೂ ಹಬ್ಬಿತು. ತಂದೆಯವರು ದೂರದಲ್ಲಿ ನಾಯಿ ಕಂಡೊಡನೆ ಲೀಶನ್ನು ಕೈಗೆ ಸುತ್ತಿ ಬಿಗಿ ಹಿಡಿಯುತ್ತಿದ್ದರು; ಲೀಶ್ ಬಿಗಿಯಾದರೆ ಏನೋ ಬರುತ್ತಿದೆ ಎಂದು ಸರ್ಜಾ ಕಲಿತುಕೊಂಡಿತು. ನಾಯಿ ಇನ್ನೂ ಕಣ್ಣಿಗೆ ಬೀಳದಿದ್ದರೂ ಕೊರಳು ಬಿಗಿಯಾದರೆ ಸಾಕು, ಕೂದಲು ನಿಮಿರುತ್ತಿತ್ತು.

ನನಗಿಂತ ಮೊದಲು ಒಬ್ಬ ತರಬೇತುದಾರರನ್ನು ಕರೆಸಿದ್ದರು. ಅವರು ಚೋಕ್ ಚೈನು, ಅಂದರೆ ಜಗ್ಗಿದಷ್ಟೂ ಕೊರಳಿಗೆ ಬಿಗಿಯುವ ಸರಪಳಿ ಹಾಕಿಸಿ, ಬೊಗಳಿದಾಗಲೆಲ್ಲ ಜಗ್ಗಲು ಹೇಳಿಕೊಟ್ಟರು. ಮೂರು ವಾರದಲ್ಲಿ ಬೊಗಳುವುದು ಬಹುಮಟ್ಟಿಗೆ ನಿಂತಿತು. ಮನೆಯವರು ಸಂತೋಷಪಟ್ಟರು, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡು ತಿಂಗಳ ನಂತರ ಒಂದು ಸಂಜೆ ಗೇಟಿನ ಮುಂದೆ ಬೀದಿ ನಾಯಿಯೊಂದು ಹಾದುಹೋಗುತ್ತಿದ್ದಾಗ ತಂದೆಯವರು ಸರ್ಜಾದ ಕೊರಳನ್ನು ಹಿಡಿದುಕೊಂಡಿದ್ದರು. ಗುರುಗುಟ್ಟಲಿಲ್ಲ, ಹಲ್ಲು ತೋರಿಸಲಿಲ್ಲ. ತಿರುಗಿ ಅವರ ಮುಂಗೈಯನ್ನು ಕಚ್ಚಿತು. ಮಗಳು ಆಗ ಮಾಡಿದ್ದು ಸರಿಯಾದ ಕೆಲಸ: ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆದು, ಆಸ್ಪತ್ರೆಗೆ ಕರೆದೊಯ್ದಳು. ನಾಯಿಗೆ ಲಸಿಕೆ ಆಗಿದ್ದರೂ ತಂದೆಯವರಿಗೆ 0, 3, 7, 14, 28ನೆಯ ದಿನಗಳ ರೇಬೀಸ್ ಚುಚ್ಚುಮದ್ದು ಪೂರ್ತಿಯಾಯಿತು. ಸರ್ಜಾವನ್ನು ಹತ್ತು ದಿನ ಕಟ್ಟಿ ಗಮನಿಸಿದರು, ಏನೂ ಆಗಲಿಲ್ಲ.

ಬೊಗಳುವುದು ನಿಂತಿದ್ದಕ್ಕೂ ಕಚ್ಚಿದ್ದಕ್ಕೂ ನೇರ ಸಂಬಂಧವಿದೆ ಎಂಬುದು ನನ್ನ ತೀರ್ಮಾನ. ಗುರುಗುಟ್ಟುವುದು ನಾಯಿ ಕೊಡುವ ಮುನ್ನೆಚ್ಚರಿಕೆ. ಅದನ್ನು ನೋವು ಕೊಟ್ಟು ಅಡಗಿಸಿದರೆ ಎಚ್ಚರಿಕೆ ಮಾತ್ರ ಹೋಗುತ್ತದೆ, ಅದರ ಕೆಳಗಿನ ಅಂಜಿಕೆ ಹಾಗೆಯೇ ಇರುತ್ತದೆ. ಅಷ್ಟೇ ಅಲ್ಲ, ಬೇರೆ ನಾಯಿ ಕಂಡಾಗಲೆಲ್ಲ ಕೊರಳಿಗೆ ನೋವಾಗುವುದರಿಂದ ಆ ಅಂಜಿಕೆಗೆ ಹೊಸ ಕಾರಣವೂ ಸೇರುತ್ತದೆ. ಅಮೆರಿಕದ ಪಶುವೈದ್ಯಕೀಯ ವರ್ತನಾ ತಜ್ಞರ ಸಂಘವು 2021ರ ತನ್ನ ಹೇಳಿಕೆಯಲ್ಲಿ ಆಕ್ರಮಣಕಾರಿ ವರ್ತನೆಯ ನಾಯಿಗಳೂ ಸೇರಿದಂತೆ ಎಲ್ಲ ನಾಯಿಗಳಿಗೂ ಬಹುಮಾನದ ಮೂಲಕ ಕಲಿಸುವ ವಿಧಾನವನ್ನೇ ಸೂಚಿಸಿದೆ. ನಮ್ಮಲ್ಲಿ ಚೋಕ್ ಚೈನು ಇನ್ನೂ ಅಂಗಡಿಯ ಮುಂಭಾಗದಲ್ಲೇ ನೇತಾಡುತ್ತಿರುತ್ತದೆ.

ಜೂನ್ ತಿಂಗಳ ಮೊದಲ ಭೇಟಿಯಲ್ಲಿ ತಂದೆಯವರು ತಮ್ಮ ಬೇಡಿಕೆಯನ್ನು ಸ್ಪಷ್ಟವಾಗಿ ಹೇಳಿದರು: "ಸರ, ನಮಗ ಇದು ಕೈ ಕೊಡೋದು, ಚೆಂಡು ತರೋದು ಏನೂ ಬ್ಯಾಡ್ರಿ. ಸುಮ್ಮನ ನಡದ್ರ ಸಾಕು." ಚೋಕ್ ಚೈನು ಹಾಕಿದ್ದ ಆ ಎರಡು ತಿಂಗಳು ಸರ್ಜಾ ಸುಮ್ಮನೆಯೇ ನಡೆದಿತ್ತಲ್ಲವೆ ಎಂದು ನಾನು ಕೇಳಿದೆ. ಅವರು ಮುಂಗೈ ಮೇಲಿನ ಗಾಯದ ಗುರುತನ್ನು ನೋಡಿಕೊಂಡರು, ಉತ್ತರ ಹೇಳಲಿಲ್ಲ.

ನಡಿಗೆ ನಿಲ್ಲಿಸಿದ ಎರಡು ವಾರ

ಮೊದಲ ನಿರ್ಧಾರವೇ ಮನೆಯವರಿಗೆ ಹಿಡಿಸಲಿಲ್ಲ. ಎರಡು ವಾರ ಸರ್ಜಾವನ್ನು ಬೀದಿಗೆ ಕರೆದೊಯ್ಯಬೇಡಿ ಎಂದೆ. "ಮನ್ಯಾಗ ಕಟ್ಟಿ ಹಾಕಿದ್ರ ಇನ್ನೂ ಹುಚ್ಚಾಗ್ತದಲ್ರೀ?" ಎಂದರು ತಾಯಿ. ಪ್ರಶ್ನೆ ನ್ಯಾಯವಾದದ್ದೇ. ಆದರೆ ದಿನಕ್ಕೆ ಎರಡು ಬಾರಿ ಕೆರಳುವ ನಾಯಿಯ ಮೈಯಲ್ಲಿ ಏರಿದ ಉದ್ವೇಗ ಮನೆಗೆ ಬಂದ ಕೂಡಲೇ ಇಳಿಯುವುದಿಲ್ಲ. ಬೆಳಗಿನದು ಇಳಿಯುವ ಮೊದಲೇ ಸಂಜೆಯದು ಸೇರುತ್ತದೆ, ನಿನ್ನೆಯದರ ಮೇಲೆ ಇಂದಿನದು ಕೂರುತ್ತದೆ. ಅಂಥ ಸ್ಥಿತಿಯಲ್ಲಿ ಏನು ಕಲಿಸಿದರೂ ತಲೆಗೆ ಹತ್ತದು. ಜೊತೆಗೆ, ಪ್ರತಿ ಬಾರಿ ಎಗರಿದಾಗಲೂ ಎದುರಿನ ನಾಯಿ ಹೇಗೂ ತನ್ನ ದಾರಿ ಹಿಡಿದು ಹೋಗುವುದರಿಂದ, ತಾನು ಎಗರಿದ್ದಕ್ಕೇ ಅದು ಹೋಯಿತು ಎಂದು ಸರ್ಜಾ ತಿಳಿಯುತ್ತದೆ. ಇದು ದಿನಕ್ಕೆರಡು ಸಲ ನಡೆಯುವ ತಪ್ಪು ಪಾಠ.

ನಡಿಗೆಯ ಬದಲು ಮೂಗಿಗೆ ಕೆಲಸ ಕೊಟ್ಟೆವು. ಹಿತ್ತಲಿನಲ್ಲಿ ಹಳೆಯ ಗೋಣಿಚೀಲಗಳನ್ನು ಮಡಚಿ, ಜೋಳದ ರೊಟ್ಟಿಯ ಚೂರುಗಳನ್ನು ಮಡಿಕೆಗಳೊಳಗೆ ಅಡಗಿಸಿಟ್ಟು ಹುಡುಕಲು ಬಿಡುವುದು. ಗೇಟಿಗೆ ಗಿಡಗಳಿಗೆ ಕಟ್ಟುವ ಹಸಿರು ನೆರಳು ಪರದೆ ಕಟ್ಟಿಸಿ ಬೀದಿ ಕಾಣದಂತೆ ಮಾಡಿದೆವು. ಪಡಸಾಲೆಯಲ್ಲಿ ಒಂದು ಕರಿ ಕಂಬಳಿ ಹಾಸಿ, ಅದರ ಮೇಲೆ ತಾನಾಗಿಯೇ ಮಲಗಿದಾಗಲೆಲ್ಲ ಮಾತಿಲ್ಲದೆ ಒಂದು ಚೂರು ಇಡುವುದು. ಕರೆಯಬಾರದು, "ಕೂಡು" ಎನ್ನಬಾರದು. ಹತ್ತನೆಯ ದಿನ ಮಗಳು ಕಳಿಸಿದ ಫೋಟೋದಲ್ಲಿ ಸರ್ಜಾ ಕಂಬಳಿಯ ಮೇಲೆ ಒಂದು ಮಗ್ಗುಲಾಗಿ ನಾಲ್ಕೂ ಕಾಲು ಚಾಚಿ ಮಲಗಿತ್ತು. ಹಗಲಿನಲ್ಲಿ ಅದು ಹಾಗೆ ಮಲಗಿದ್ದನ್ನು ತಾವು ಕಂಡೇ ಇಲ್ಲವೆಂದು ಆಕೆ ಬರೆದಿದ್ದಳು.

ಇದೇ ಅವಧಿಯಲ್ಲಿ ಸಲಕರಣೆ ಬದಲಾಯಿತು. ಮುಧೋಳ ನಾಯಿಯ ತಲೆ ಕಿರಿದು, ಕೊರಳು ದಪ್ಪ. ಸಾಮಾನ್ಯ ಬೆಲ್ಟು ಎಷ್ಟೇ ಸರಿಯಾಗಿ ಕಟ್ಟಿದರೂ ಹಿಂದಕ್ಕೆ ಸರಿದು ತಲೆ ಜಾರಿಸಿಕೊಂಡು ಬಿಡುತ್ತದೆ. ಅದಕ್ಕಾಗಿ ಎದೆಯ ಮುಂದೆ ಉಂಗುರವಿರುವ ಹಾರ್ನೆಸ್ ಒಂದು, ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುವ ಅಗಲ ಪಟ್ಟಿಯ ಬೆಲ್ಟು ಒಂದು, ಲೀಶನ್ನು ಎರಡಕ್ಕೂ ಸಿಕ್ಕಿಸುವುದು ಎಂದು ನಿಯಮ ಮಾಡಿದೆವು. ಬಾಯಿಗೆ ಹಾಕುವ ಬುಟ್ಟಿಯನ್ನು ಅಭ್ಯಾಸ ಮಾಡಿಸಬೇಕೆಂದಾಗ ಮಗಳ ಮುಖ ಸಣ್ಣದಾಯಿತು. ತಂದೆಯವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಎಡಿ ಹೊಡಿಯೂಮುಂದ ಎತ್ತಿನ ಬಾಯಿಗೆ ಕಟ್ತೇವಲ್ರಿ, ಅದ ಇದು" ಎಂದರು. ಆ ಮಾತಿನಿಂದ ಅದು ಶಿಕ್ಷೆಯ ವಸ್ತುವಾಗಿ ಉಳಿಯಲಿಲ್ಲ. ಬುಟ್ಟಿಯ ತಳಕ್ಕೆ ಮೊಸರು ಸವರಿ, ಮೂತಿ ತಾನೇ ಒಳಗಿಡುವಂತೆ ಮಾಡಲು ಮೂರು ವಾರ ಹಿಡಿಯಿತು.

ಹೊಲದ ಅಂಚಿನಲ್ಲಿ

ಜುಲೈನಲ್ಲಿ ನಿಜವಾದ ಕೆಲಸ ಆರಂಭವಾಯಿತು. ಬಡಾವಣೆಯ ಕೊನೆಯಲ್ಲಿ ಬಿತ್ತದೆ ಬಿಟ್ಟ ಎರೆಹೊಲವೊಂದಿತ್ತು. ಪಕ್ಕದ ಬೀದಿಯವರು ಊಟ ಹಾಕಿ ಸಾಕಿದ್ದ, ಸಂತಾನಹರಣ ಶಸ್ತ್ರಚಿಕಿತ್ಸೆ ಆದ, ವಯಸ್ಸಾದ ಹೆಣ್ಣು ನಾಯಿಯೊಂದು ಯಾರನ್ನೂ ಕಣ್ಣೆತ್ತಿ ನೋಡದ ಸ್ವಭಾವದ್ದು. ಅದನ್ನು ಲೀಶಿನಲ್ಲಿ ಹಿಡಿದು ನಿಲ್ಲಲು ಅವರ ಮಗ ಒಪ್ಪಿದ. ವಿಧಾನ ಸರಳ: ಸರ್ಜಾ ಆ ನಾಯಿಯನ್ನು ನೋಡಬೇಕು, ಆದರೆ ಕೆರಳದಷ್ಟು ದೂರದಲ್ಲಿರಬೇಕು, ನೋಡಿದ ಕೂಡಲೇ ಅತ್ಯುತ್ತಮ ತಿನಿಸು ಸಿಗಬೇಕು, ಆ ನಾಯಿ ಮರೆಯಾದರೆ ತಿನಿಸೂ ನಿಲ್ಲಬೇಕು.

ನಾನು ಸಾಮಾನ್ಯವಾಗಿ ಮೂವತ್ತು ಮೀಟರಿನಿಂದ ಆರಂಭಿಸುತ್ತೇನೆ. ಇಲ್ಲಿ ಮೂವತ್ತಕ್ಕೆ ಸರ್ಜಾ ಎಗರಿತು, ನಲವತ್ತಕ್ಕೆ ಕಲ್ಲಿನಂತೆ ಬಿಗಿದುಕೊಂಡಿತು. ಅರವತ್ತಕ್ಕೆ ಬಂದಾಗ ಮಾತ್ರ ಅದು ನೋಡಿ, ಕಿವಿ ಸಡಿಲಿಸಿ, ಮಗಳ ಕಡೆ ತಿರುಗಿತು. ಕಣ್ಣಿನ ನಾಯಿಗೆ ದೂರದ ಲೆಕ್ಕವೇ ಬೇರೆ ಎಂದು ನನಗೆ ಪುಸ್ತಕದಿಂದ ಗೊತ್ತಿತ್ತು, ಕಾಲಿನಿಂದ ಅಳೆದದ್ದು ಅಂದೇ. ಮಳೆಯಲ್ಲಿ ಎರೆಮಣ್ಣು ಚಪ್ಪಲಿಗೆ ಒಂದೊಂದು ಸೇರು ಮೆತ್ತಿಕೊಳ್ಳುತ್ತಿದ್ದುದರಿಂದ ಆ ಅರವತ್ತು ಮೀಟರು ನಮ್ಮೆಲ್ಲರಿಗೂ ಚೆನ್ನಾಗಿ ನೆನಪಿದೆ.

ತಿನಿಸಿನದು ಇನ್ನೊಂದು ಕಥೆ. ಮನೆ ಶುದ್ಧ ಶಾಕಾಹಾರಿ. ಒಳಗೆ ಪನೀರಿಗೆ ಕುಣಿಯುತ್ತಿದ್ದ ಸರ್ಜಾ ಹೊಲದಲ್ಲಿ ಅದನ್ನು ಬಾಯಿಂದ ಬೀಳಿಸಿಬಿಡುತ್ತಿತ್ತು. ಬೇಯಿಸಿದ ಕೋಳಿಮಾಂಸವಿಲ್ಲದೆ ಮುಂದೆ ಹೋಗುವುದು ಕಷ್ಟವೆಂದು ಹೇಳಲು ನನಗೇ ಸಂಕೋಚವಿತ್ತು. ಎರಡು ದಿನ ಯೋಚಿಸಿ ತಾಯಿಯವರೇ ತೀರ್ಪು ಕೊಟ್ಟರು: "ಒಳಗ ಮಾತ್ರ ತರಬ್ಯಾಡವಾ, ಹೊರಗಿಂದ ಹೊರಗ ಮುಗಸು." ಮಗಳ ಗೆಳತಿಯ ಮನೆಯಲ್ಲಿ ಬೇಯಿಸಿ, ಉಪ್ಪು ಖಾರ ಇಲ್ಲದ ಚೂರುಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಕಾಂಪೌಂಡಿನ ಹೊರಗಿನ ನಲ್ಲಿಯಲ್ಲೇ ತೊಳೆದು ಸ್ಕೂಟರಿನ ಡಿಕ್ಕಿಯಲ್ಲಿ ಇಡುವ ಏರ್ಪಾಡು ಕೊನೆಯವರೆಗೂ ನಡೆಯಿತು. ಕೊಡುವವರ ಮನಸ್ಸಿಗೆ ಒಗ್ಗದ ತಿನಿಸಿನ ಮೇಲೆ ಯೋಜನೆ ನಿಲ್ಲಿಸಿದರೆ ಅದು ಮೂರನೆಯ ವಾರಕ್ಕೇ ಬೀಳುತ್ತದೆ. ಆ ತಾಯಿಯ ಒಂದು ವಾಕ್ಯ ನನ್ನ ಅರ್ಧ ಕೆಲಸ ಮಾಡಿತು ಎಂದೇ ನಾನು ಎಣಿಸುತ್ತೇನೆ.

ಮೂರನೆಯ ವಾರ ಒಂದು ವಿಚಿತ್ರ ಕಂಡಿತು. ನಾಯಿ ಕಾಣುವ ಮೊದಲೇ, ಮಗಳು ಸೊಂಟದ ಚೀಲಕ್ಕೆ ಕೈ ಹಾಕಿದರೆ ಸಾಕು, ಸರ್ಜಾ ಕತ್ತು ಉದ್ದ ಮಾಡಿ ಸುತ್ತ ಹುಡುಕತೊಡಗಿತು. ಮೊಬೈಲಿನಲ್ಲಿ ಚಿತ್ರಿಸಿದ್ದನ್ನು ನಿಧಾನಗತಿಯಲ್ಲಿ ನೋಡಿದಾಗ ಕಾರಣ ತಿಳಿಯಿತು. ಆಕೆ ದೂರದಲ್ಲಿ ನಾಯಿ ಬರುವುದನ್ನು ತಾನು ಮೊದಲು ಕಂಡು, ಸಿದ್ಧಳಾಗಿರಲೆಂದು ಕೈಯನ್ನು ಚೀಲಕ್ಕೆ ಹಾಕುತ್ತಿದ್ದಳು. ಅಂದರೆ ಸರ್ಜಾದ ಪಾಲಿಗೆ ಮೊದಲು ಚೀಲ, ಆಮೇಲೆ ನಾಯಿ. ರಷ್ಯದ ವಿಜ್ಞಾನಿ ಪಾವ್ಲೋವ್ ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಸಂಕೇತ ಮೊದಲು, ಆಹಾರ ಆಮೇಲೆ; ಆ ಕ್ರಮದಿಂದಲೇ ಸಂಕೇತ ಕೇಳಿದ ನಾಯಿಯ ಬಾಯಲ್ಲಿ ನೀರೂರುತ್ತಿದ್ದದ್ದು. ಕ್ರಮ ತಿರುವುಮುರುವಾದರೆ ಆಹಾರವೇ ಅಪಾಯದ ಮುನ್ಸೂಚನೆಯಾಗುತ್ತದೆ. ಅಂದಿನಿಂದ ಆಕೆ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ನಿಂತು, ಸರ್ಜಾದ ಕಿವಿ ನಾಯಿಯ ಕಡೆ ತಿರುಗಿದ ಮೇಲೆ ಒಂದು "ಹಾಂ" ಹೇಳಿ, ಆಮೇಲೆ ಚೀಲಕ್ಕೆ ಕೈ ಹಾಕುವುದನ್ನು ರೂಢಿಸಿಕೊಂಡಳು. ಅರ್ಧ ಸೆಕೆಂಡಿನ ವ್ಯತ್ಯಾಸ. ಹತ್ತು ದಿನದಲ್ಲಿ ದೂರ ಇಪ್ಪತ್ತೈದು ಮೀಟರಿಗೆ ಇಳಿಯಿತು.

ಇಪ್ಪತ್ತೈದರಲ್ಲಿ ನಿಂತದ್ದು

ಅಲ್ಲಿಗೆ ಎಲ್ಲ ನಿಂತಿತು. ಆಗಸ್ಟ್ ತಿಂಗಳ ಬಹುಭಾಗ ನಾವು ಇಪ್ಪತ್ತೈದರಿಂದ ಒಂದು ಹೆಜ್ಜೆಯೂ ಮುಂದೆ ಸರಿಯಲಿಲ್ಲ. ನಾನು ತಿನಿಸು ಬದಲಿಸಿದೆ, ಸಮಯ ಬದಲಿಸಿದೆ, ನಿಲ್ಲುವ ಕೋನ ಬದಲಿಸಿದೆ. ಔಷಧದ ಮಾತೂ ಬಂತು. ತೀವ್ರ ಅಂಜಿಕೆಯ ನಾಯಿಗಳಿಗೆ ಪಶುವೈದ್ಯರ ನಿಗಾದಲ್ಲಿ ಫ್ಲೂಯಾಕ್ಸೆಟಿನ್‌ನಂಥ ಔಷಧ ಕೊಡುವುದುಂಟು, ಅದು ನಾಯಿಯನ್ನು ಮಂಪರಿನಲ್ಲಿಡಲು ಅಲ್ಲ, ಕಲಿಯುವಷ್ಟು ಮನಸ್ಸು ಸಡಿಲವಾಗಲೆಂದು. ಕುಟುಂಬದವರು ಹಿಂಜರಿಯುತ್ತಿದ್ದರು.

ಅಷ್ಟರಲ್ಲಿ ತಂದೆಯವರ ದಿನಚರಿ ದಾರಿ ತೋರಿಸಿತು. ನಾನು ಪ್ರತಿ ಸಲದ ವಿವರ ಬರೆದಿಡಲು ಹೇಳಿದ್ದೆ. ಮುಖ್ಯೋಪಾಧ್ಯಾಯರ ದುಂಡಗಿನ ಅಕ್ಷರದಲ್ಲಿ, ಹಾಜರಿ ಪುಸ್ತಕದಂತೆ ಗೆರೆ ಎಳೆದು ಅವರು ಬರೆಯುತ್ತಿದ್ದರು. ನಾಲ್ಕು ವಾರದ ಪುಟಗಳನ್ನು ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಂಡಿತು: ಕೆರಳಿದ ಸಂದರ್ಭಗಳಲ್ಲಿ ಹೆಚ್ಚಿನವು ಎದುರು ನಾಯಿ ಎಡಗಡೆಯಿಂದ ಬಂದಾಗಿನವು, ಹಾಗೂ ಮಳೆ ಬಂದ ಮರುದಿನದವು. "ತಲಿ ಝಾಡಿಸತದ" ಎಂದು ಎರಡು ಕಡೆ ಅಂಚಿನಲ್ಲಿ ಬರೆದಿದ್ದರು. ಪಶುವೈದ್ಯರು ಬುಟ್ಟಿ ಹಾಕಿಸಿಕೊಂಡು ಶಾಂತವಾಗಿ ನಿಂತ ನಾಯಿಯ ಎಡಗಿವಿಯೊಳಗೆ ಉಪಕರಣ ಇಟ್ಟು ನೋಡಿದರೆ, ಆಳದಲ್ಲಿ ಹಳೆಯ ಸೋಂಕು. ಹೊರಗಿನಿಂದ ಕೀವೂ ಇಲ್ಲ, ವಾಸನೆಯೂ ಇಲ್ಲ. ಜೋಲುಗಿವಿ, ಧಾರವಾಡದ ಜಿಟಿಜಿಟಿ ಮಳೆ, ಒಣಗದ ಕಿವಿ. ಕಿವಿಯ ಬುಡ ಒತ್ತಿದಾಗ ಸರ್ಜಾ ಮುಖ ತಿರುಗಿಸಿ ಬುಟ್ಟಿಯನ್ನು ವೈದ್ಯರ ಕೈಗೆ ಬಡಿಯಿತು.

ಇದು ನನ್ನ ತಪ್ಪು. ಮೊದಲ ದಿನವೇ ಪೂರ್ತಿ ತಪಾಸಣೆ ಮಾಡಿಸಿ ಎಂದು ನಾನು ಹೇಳಬೇಕಿತ್ತು. ಲಸಿಕೆಗಾಗಿ ವೈದ್ಯರು ನೋಡುತ್ತಲೇ ಇದ್ದಾರಲ್ಲ ಎಂದುಕೊಂಡು ಬಿಟ್ಟುಬಿಟ್ಟಿದ್ದೆ. ಕೊರಳ ಹತ್ತಿರ ಕೈ ಹಾಕಿದಾಗಲೇ ಕಚ್ಚಿದ್ದ ನಾಯಿ ಅದು. ತಂದೆಯವರು ಅಂದು ಹಿಡಿದದ್ದು ಎಡಗೈಯಲ್ಲೋ ಬಲಗೈಯಲ್ಲೋ, ನೋವು ಆಗಲೇ ಇತ್ತೋ ಇಲ್ಲವೋ, ಈಗ ಹೇಳಲಾಗದು. ಆದರೆ ನೋವಿನಲ್ಲಿರುವ ನಾಯಿಗೆ ಹತ್ತಿರ ಬಂದದ್ದೆಲ್ಲ ಬೆದರಿಕೆಯೇ ಎಂಬ ಸಾಮಾನ್ಯ ಮಾತನ್ನು ನಾನು ಬೇರೆಯವರಿಗೆ ಹೇಳುತ್ತಿದ್ದೆ, ಇಲ್ಲಿ ನಾನೇ ಮರೆತಿದ್ದೆ. ಮೂರು ವಾರ ಕಿವಿ ಶುಚಿ ಮಾಡಿ ಹನಿ ಹಾಕಿದ ಮೇಲೆ ಹೊಲಕ್ಕೆ ಮರಳಿದೆವು. ಎರಡನೆಯ ವಾರಕ್ಕೆ ದೂರ ಹನ್ನೆರಡು ಮೀಟರಾಯಿತು. ಔಷಧದ ಮಾತನ್ನು ವೈದ್ಯರೇ ಮುಂದಕ್ಕೆ ಹಾಕಿದರು. ಈಗ ನಾನು ವೈದ್ಯರ ತಪಾಸಣಾ ಚೀಟಿ ನೋಡದೆ ಎರಡನೆಯ ಭೇಟಿಗೆ ಹೋಗುವುದಿಲ್ಲ.

ಕಳಚಿದ ಬೆಲ್ಟು

ಗಣೇಶನ ಹಬ್ಬದ ಮೂರನೆಯ ರಾತ್ರಿ, ಬಡಾವಣೆಯ ಗಣಪತಿಯ ಮೆರವಣಿಗೆ ಪಟಾಕಿ ಡಿಜೆ ಸಮೇತ ಹೋಗಿ ಅರ್ಧ ಗಂಟೆಯಾಗಿತ್ತು. ಮಗಳು ಮನೆಯಲ್ಲಿರಲಿಲ್ಲ. ಸರ್ಜಾ ಬಾಗಿಲು ಕೆರೆಯತೊಡಗಿದಾಗ, ಮೂತ್ರಕ್ಕೆ ಎರಡು ನಿಮಿಷವಷ್ಟೇ ಎಂದು ತಂದೆಯವರು ಮೊಳೆಗೆ ನೇತುಹಾಕಿದ್ದ ಹಳೆಯ ಬೆಲ್ಟನ್ನು ಅದಕ್ಕೆ ಹಾಕಿ ಹೊರಗೆ ಕರೆತಂದರು. ತಿರುವಿನಲ್ಲಿ ಸ್ಕೂಟರು ಬಂತು. ಸರ್ಜಾ ಎಗರಿ, ಲೀಶ್ ಬಿಗಿಯಾಗಿ, ಎರಡು ಹೆಜ್ಜೆ ಹಿಂದಕ್ಕೆ ಸರಿದು ತಲೆ ತಗ್ಗಿಸಿತು. ಬೆಲ್ಟು ಅವರ ಕೈಯಲ್ಲಿ ಉಳಿಯಿತು.

ನಲವತ್ತು ನಿಮಿಷದ ನಂತರ ನಾಯಿ ತಾನಾಗಿಯೇ ಗೇಟಿಗೆ ಬಂದು ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ, ಅದು ಅದೃಷ್ಟ. ಮಗಳು ಫೋನಿನಲ್ಲಿ ಅಳುತ್ತಿದ್ದಳು, ಅಪ್ಪನ ಮೇಲೆ ಸಿಟ್ಟೂ ಇತ್ತು. ನಾನು ಮರುದಿನ ಹೋದಾಗ ತಂದೆಯವರು ಕುರ್ಚಿಯಿಂದ ಎದ್ದು, "ತಪ್ಪು ನಂದ ಐತ್ರಿ ಸರ" ಎಂದರು.

ಅಲ್ಲಿ ಎರಡು ದಾರಿಗಳಿದ್ದವು. ನಾಯಿಯನ್ನು ಮಗಳ ಹೊರತು ಯಾರೂ ಹೊರಗೆ ಒಯ್ಯಬಾರದು ಎಂದು ನಿಯಮ ಬಿಗಿ ಮಾಡುವುದು ಒಂದು. ಮಗಳೂ ಅದನ್ನೇ ಬಯಸಿದ್ದಳು. ಆದರೆ ಯೋಚಿಸಿದರೆ ಮೂರು ತಿಂಗಳಿಂದ ತಂದೆಯವರಿಗೆ ನಾನು ಕೊಟ್ಟದ್ದು ಬರೆಯುವ ಕೆಲಸ ಮಾತ್ರ. ನಾಯಿ ಅವರ ಮನೆಯಲ್ಲೇ ಇದ್ದರೂ ಅದನ್ನು ನಡೆಸುವ ವಿಧಾನ ಅವರಿಗೆ ಕಲಿಸಿರಲಿಲ್ಲ. ಹಳೆಯ ಬೆಲ್ಟನ್ನು ಮನೆಯಲ್ಲಿ ಉಳಿಯಲು ಬಿಟ್ಟದ್ದೂ ನನ್ನದೇ ಅಸಡ್ಡೆ. ಆದ್ದರಿಂದ ಎರಡನೆಯ ದಾರಿ ಹಿಡಿದೆವು: ಹಳೆಯ ಬೆಲ್ಟು ಮತ್ತು ಚೋಕ್ ಚೈನು ಅಂದೇ ಕಸದ ಗಾಡಿಗೆ ಹೋದವು, ತಂದೆಯವರು ಹೊಲಕ್ಕೆ ಬಂದರು.

ದೂರ ಮತ್ತೆ ಮೂವತ್ತಕ್ಕೆ ಏರಿತ್ತು. ಆದರೆ ತಂದೆಯವರ ಕೈಯಲ್ಲಿ ಅದು ನಾವೆಣಿಸಿದ್ದಕ್ಕಿಂತ ಬೇಗ ಇಳಿಯಿತು. ಅವರ ನಡಿಗೆ ನಿಧಾನ, ದನಿ ತಗ್ಗು, ಮಾಡಿದ್ದನ್ನೇ ಹಾಗೆಯೇ ನೂರು ಸಲ ಮಾಡುವ ಅಭ್ಯಾಸ ಮೂವತ್ತು ವರ್ಷದ ಮಾಸ್ತರಿಕೆಯಿಂದ ಬಂದದ್ದು. ಅವರಿಗೆ ಬಿಡಿಸಬೇಕಾಗಿದ್ದದ್ದು ಒಂದೇ, ಲೀಶನ್ನು ಕೈಗೆ ಸುತ್ತುವ ಚಾಳಿ. ಅದಕ್ಕೆ ಅವರೇ ಕಂಡುಕೊಂಡ ಉಪಾಯ ಚೆನ್ನಾಗಿತ್ತು: ಬಲಗೈಯಲ್ಲಿ ಲೀಶಿನ ಕೊನೆ, ಎಡಗೈಯಲ್ಲಿ ಮಡಚಿದ ಕೊಡೆ. ಕೊಡೆಯಿರುವ ಕೈಗೆ ಲೀಶ್ ಸುತ್ತಲು ಬರುವುದಿಲ್ಲ.

ಬೀದಿ ನಾಯಿಗಳ ಲೆಕ್ಕ

ಈ ವಿಷಯದ ಪುಸ್ತಕಗಳಲ್ಲಿ ಹೆಚ್ಚಿನವು ಬೀದಿಯಲ್ಲಿ ನಾಯಿ ಕಂಡರೆ ಅದರ ಹಿಂದೆ ಲೀಶ್ ಹಿಡಿದ ಮನುಷ್ಯನೊಬ್ಬ ಇರುತ್ತಾನೆಂದು ನಂಬಿದ ದೇಶಗಳಲ್ಲಿ ಬರೆದವು. ನಮ್ಮಲ್ಲಿ ಎದುರಿನ ನಾಯಿಗೆ ಲೀಶೂ ಇಲ್ಲ, ನಮ್ಮ ಹನ್ನೆರಡು ಮೀಟರಿನ ಗೊಡವೆಯೂ ಇಲ್ಲ. ಸರ್ಜಾದ ಬೀದಿಯಲ್ಲಿ ಆರು ನಾಯಿಗಳಿದ್ದವು. ಇವನ್ನು ಹಿಡಿಸಿ ಬೇರೆಲ್ಲಾದರೂ ಬಿಡಿಸಿದರೆ ಆಗದೇ ಎಂದು ನೆರೆಯವರೊಬ್ಬರು ಕೇಳಿದರು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆ, ಲಸಿಕೆಯ ನಂತರ ನಾಯಿಗಳನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. ನಮಗೆ ಅದೇ ಅನುಕೂಲವೂ ಆಯಿತು: ಆರರಲ್ಲಿ ಶಸ್ತ್ರಚಿಕಿತ್ಸೆ ಆಗದ ಮೂರನ್ನು ಊಟ ಹಾಕುವವರ ನೆರವಿನಿಂದ ಪಾಲಿಕೆಯ ಮೂಲಕ ಮಾಡಿಸಿದ್ದರಿಂದ ಬೆದೆಗಾಲದ ಕಚ್ಚಾಟ ಆ ಬೀದಿಯಲ್ಲಿ ತಗ್ಗಿತು. ಗುರುತಿನ ಆರು ನಾಯಿಗಳು ದಿನಕ್ಕೊಂದು ಹೊಸ ನಾಯಿಗಿಂತ ಮೇಲು.

ಉಳಿದದ್ದು ಸಮಯದ ಜಾಣತನ. ಬೀದಿ ನಾಯಿಗಳು ಚುರುಕಾಗಿರುವುದು ಬೆಳಕು ಹರಿಯುವಾಗ ಮತ್ತು ಮುಸ್ಸಂಜೆ. ನಮ್ಮ ಜನ ನಾಯಿಯನ್ನು ಸುತ್ತಾಡಿಸುವುದೂ ಆಗಲೇ. ಸರ್ಜಾದ ನಡಿಗೆಯನ್ನು ಬೆಳಿಗ್ಗೆ ಹತ್ತಕ್ಕೆ ತಂದೆವು, ಆಗ ಆರೂ ಗಟಾರದ ಕಟ್ಟೆಯ ನೆರಳಿನಲ್ಲಿ ಮಲಗಿರುತ್ತಿದ್ದವು. ಬೇಸಿಗೆಯಲ್ಲಿ ಇದು ನಡೆಯದು, ಡಾಂಬರು ಕಾದು ಪಾದ ಸುಡುತ್ತದೆ; ಅಂಗೈ ಐದು ಸೆಕೆಂಡು ಇಡಲಾಗದ ರಸ್ತೆಯಲ್ಲಿ ನಾಯಿಯನ್ನು ನಡೆಸಬಾರದು. ಮಾರ್ಚ್ ಬಂದಾಗ ಎಂಟಕ್ಕೆ ಹಿಂದೆ ಸರಿಸಿದೆವು.

ಎದುರಿಗೆ ಬಂದೇಬಿಟ್ಟರೆ ಏನು ಎಂಬುದಕ್ಕೆ ಒಂದೇ ಪದ ಕಲಿಸಿದೆವು: "ಹೊಳ್ಳು." ಆ ಮಾತು ಕಿವಿಗೆ ಬಿದ್ದರೆ ಸುತ್ತಿ ತಿರುಗಿ ನಡೆಸುವವರ ಜೊತೆ ಬಂದ ದಾರಿಯಲ್ಲೇ ಹೊರಡಬೇಕು. ಅದನ್ನು ಬೀದಿಯಲ್ಲಿ ಕಲಿಸಲಿಲ್ಲ. ಪಡಸಾಲೆಯಲ್ಲಿ, ಹಿತ್ತಲಿನಲ್ಲಿ, ಟೆರೇಸಿನ ಮೇಲೆ, ಅಪಾಯ ಯಾವುದೂ ಇಲ್ಲದಾಗ ಆಟದಂತೆ ಇನ್ನೂರಕ್ಕೂ ಹೆಚ್ಚು ಸಲ ಆದ ಮೇಲೆಯೇ ಬೀದಿಗೆ ತಂದದ್ದು. ಬೀದಿ ನಾಯಿ ಬೆನ್ನು ಹತ್ತಿದರೆ ತಂದೆಯವರು ಜೇಬಿನಿಂದ ಒಂದು ಹಿಡಿ ರೊಟ್ಟಿ ಚೂರನ್ನು ಅದರ ಮುಂದೆ ಚೆಲ್ಲಿ, ಅದು ತಿನ್ನುವಷ್ಟರಲ್ಲಿ ತಿರುವು ದಾಟುತ್ತಿದ್ದರು. ಕಲ್ಲು ಎತ್ತುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡಿತು. ಕಲ್ಲೆತ್ತಿದರೆ ಬೆದರುವುದು ಬೀದಿ ನಾಯಿ ಒಂದೇ ಅಲ್ಲ.

ದೀಪಾವಳಿಯ ಐದು ದಿನ ನಡಿಗೆಯೇ ಇಲ್ಲ. ಒಳಕೋಣೆಯಲ್ಲಿ ಕಂಬಳಿ, ಫ್ಯಾನಿನ ಸದ್ದು, ಕಿಟಕಿಗೆ ದಪ್ಪ ಪರದೆ, ಗೋಣಿಚೀಲದ ಆಟ. ಬೇರೇನೂ ಪ್ರಯತ್ನಿಸಲಿಲ್ಲ, ಪ್ರಯತ್ನಿಸಬೇಕಾಗಿಯೂ ಇರಲಿಲ್ಲ.

ಹನ್ನೊಂದನೆಯ ತಿಂಗಳಿನ ಸ್ಥಿತಿ

ಏಪ್ರಿಲ್ ಕೊನೆಗೆ, ಬೀದಿಯ ಆ ಬದಿಯಲ್ಲಿ ನಾಯಿ ಹಾದುಹೋದರೆ ಎಂಟು ಮೀಟರಿನಲ್ಲಿ ಸರ್ಜಾ ನೋಡಿ, ತಿರುಗಿ, ತಂದೆಯವರ ಮುಖ ನೋಡುತ್ತದೆ. ಸ್ಕೂಟರುಗಳನ್ನು ಬಹುಮಟ್ಟಿಗೆ ಗಣಿಸುವುದಿಲ್ಲ. ತಿರುವಿನಲ್ಲಿ ಥಟ್ಟನೆ ಎದುರಾದ ನಾಯಿಗೆ ಈಗಲೂ ಬೊಗಳುತ್ತದೆ. ಆದರೆ ಮೊದಲು ಮನೆಗೆ ಬಂದ ಮೇಲೂ ಇಪ್ಪತ್ತು ನಿಮಿಷ ಏದುಸಿರು ಬಿಡುತ್ತಿದ್ದದ್ದು ಈಗ "ಹೊಳ್ಳು" ಎಂದ ಅರ್ಧ ನಿಮಿಷಕ್ಕೆ ನೆಲ ಮೂಸತೊಡಗುತ್ತದೆ. ಸುಧಾರಣೆಯನ್ನು ಅಳೆಯುವಾಗ ನಾನು ಎಷ್ಟು ಸಲ ಬೊಗಳಿತು ಎನ್ನುವುದಕ್ಕಿಂತ ಎಷ್ಟು ಬೇಗ ಚೇತರಿಸಿಕೊಂಡಿತು ಎನ್ನುವುದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಮೊದಲನೆಯದನ್ನು ಚೋಕ್ ಚೈನೂ ಕಡಿಮೆ ಮಾಡಿ ತೋರಿಸುತ್ತದೆ. ಗುರುಗುಟ್ಟುವಿಕೆ ಮರಳಿದೆ, ಕಂಬಳಿಯ ಮೇಲೆ ಮಲಗಿದ್ದಾಗ ಯಾರಾದರೂ ಕಿವಿ ಮುಟ್ಟಲು ಹೋದರೆ ಸಣ್ಣಗೆ ಗುರ್ ಎನ್ನುತ್ತದೆ. ಮನೆಯವರು ಅದಕ್ಕೆ ಗದರುವುದಿಲ್ಲ, ಕೈ ಹಿಂದೆಗೆದುಕೊಳ್ಳುತ್ತಾರೆ. ಅಂದಿನ ನಂತರ ಕಚ್ಚಿಲ್ಲ.

ಆಗದ ಸಂಗತಿಗಳೂ ಇವೆ. ಸರ್ಜಾವನ್ನು ಲೀಶಿಲ್ಲದೆ ಎಲ್ಲಿಯೂ ಬಿಡಲಾಗದು, ಹೊಲದಲ್ಲೂ. ಆಸ್ಪತ್ರೆಗೆ ಬುಟ್ಟಿ ಬೇಕೇ ಬೇಕು. ನೆಂಟರ ಮಕ್ಕಳು ಬಂದರೆ ಅದು ಒಳಕೋಣೆಯಲ್ಲಿರುತ್ತದೆ. ಇದನ್ನು ಸೋಲು ಎಂದು ಕುಟುಂಬದವರು ಎಣಿಸಿಲ್ಲ, ನಾನೂ ಎಣಿಸಿಲ್ಲ.

ಮೇ ತಿಂಗಳಲ್ಲಿ ಮಗ ಪುಣೆಯಿಂದ ಬಂದು, ಈಗ ಸರಿಹೋಗಿದೆಯಲ್ಲ, ನಾನೇ ಕರೆದೊಯ್ಯುತ್ತೇನೆ ಎಂದ. ಅವನದು ಒಂಬತ್ತನೆಯ ಮಹಡಿಯ ಫ್ಲ್ಯಾಟು; ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೆ ನಾಯಿ ಇದ್ದರೆ ದೂರ ಒಂದೂವರೆ ಮೀಟರು. ತಂದೆಯವರು ದಿನಚರಿಯ ಪುಸ್ತಕವನ್ನು ಅವನ ಮುಂದಿಟ್ಟು, ಮೊದಲು ಇದನ್ನು ಓದು ಎಂದರಂತೆ. ಮರುದಿನ ಬೆಳಿಗ್ಗೆ ಮಗ ಕೊಡೆ ಹಿಡಿದುಕೊಂಡು ಪಡಸಾಲೆಯಲ್ಲಿ "ಹೊಳ್ಳು" ಅಭ್ಯಾಸ ಮಾಡುತ್ತಿದ್ದ. ನಾಯಿ ಧಾರವಾಡದಲ್ಲೇ ಇದೆ.